ಓದುಗರ ಪ್ರಶ್ನೆ: ನೀರಲ್ಲಿ ಮುಳುಗುವ ಮರ, ನಾಣ್ಯ ಏರಿದ ಹುಳು

ಪ್ರಶ್ನೆ: ಅಕ್ವೇರಿಯಂ ಅಂಗಡಿಯಲ್ಲಿ ‘ಮೊಪಾನಿ’ ಅಂತ ಒಂದು ಮರದ ತುಂಡು ಕೊಂಡೆ. ನೀರಿಗೆ ಬಿಟ್ಟ ಕೂಡಲೇ ತಳ ಸೇರಿತು. ಎರಡೇ ದಿನಕ್ಕೆ ನೀರೆಲ್ಲ ಟೀ ಬಣ್ಣ! ಬಣ್ಣ ಹಚ್ಚಿ ಮಾರಿದ್ದಾರೆಯೇ? ಯಾವ ಮರ ಇದು?
— ಓದುಗರು, ದಾವಣಗೆರೆ

ಉತ್ತರ: ಅಂಗಡಿಯವರನ್ನು ಬೈಯಬೇಡಿ, ಬಣ್ಣ ಮರದ್ದೇ. ಒಳಗಿನ ಟ್ಯಾನಿನ್ ಎಂಬ ಒಗರು ನೀರಿಗೆ ಇಳಿಯುತ್ತಿದೆ. ಸಾಮಾನ್ಯವಾಗಿ ಮೀನಿಗೆ ಅದರಿಂದ ತೊಂದರೆಯಿಲ್ಲ. ತುಂಡನ್ನು ಹೊರತೆಗೆದು ಕುದಿಸಿ (ಅಡುಗೆಯ ಪಾತ್ರೆಯಲ್ಲಲ್ಲ, ಮನೆಯಲ್ಲಿ ಜಗಳವಾದೀತು), ಆಮೇಲೆ ಬಕೆಟ್ಟಿನಲ್ಲಿ ನೆನೆಹಾಕಿ ದಿನಾ ನೀರು ಬದಲಿಸಿ. ಕೆಲವು ವಾರ ತಾಳ್ಮೆ ಬೇಕು. ಮೇಲೆ ಬಿಳಿ ಲೋಳೆ ಕಟ್ಟಿದರೆ ಹಳೆಯ ಬ್ರಷ್ಷಿನಿಂದ ಉಜ್ಜಿದರೆ ಸಾಕು.

ಮರದ ಹೆಸರು ಮೊಪಾನೆ. ಆಫ್ರಿಕಾದ ಲಿಂಪೊಪೊ, ಜಾಂಬೆಜಿ, ಲುವಾಂಗ್ವಾ, ಕುನೆನೆ ನದಿಗಳ ತಗ್ಗಿನ ಸುಡುಬಿಸಿಲ ಸೀಮೆ ಅದರ ತವರು. ಬೋಟ್ಸ್‌ವಾನಾದ ಫ್ರಾನ್ಸಿಸ್‌ಟೌನ್ ಹತ್ತಿರದ ಶಾಲೆಯೊಂದರಲ್ಲಿ ನಾನು ವಿಜ್ಞಾನ ಪಾಠ ಮಾಡುತ್ತಿದ್ದಾಗ ಕಿಟಕಿಯಾಚೆ ಕಣ್ಣು ಹಾಯುವಷ್ಟೂ ಇದೇ ಮರ. ನಮ್ಮ ಬಸವನಪಾದದ ಎಲೆಯನ್ನು ನಡುವೆ ಬುಡದವರೆಗೂ ಸೀಳಿದರೆ ಮೊಪಾನೆ ಎಲೆ ಆಗುತ್ತದೆ. ನಡುಮಧ್ಯಾಹ್ನ ಆ ಎರಡು ಹೋಳುಗಳೂ ಒಂದಕ್ಕೊಂದು ಒತ್ತಿಕೊಂಡು ಬಿಸಿಲಿಗೆ ಅಂಚನ್ನಷ್ಟೇ ತೋರಿಸಿ ಜೋತುಬೀಳುತ್ತವೆ. ಮರಕ್ಕೆ ನೀರು ಉಳಿಯಿತು, ನಮಗೆ ನೆರಳು ಹೋಯಿತು! ಬೇಕಾದ ಹೊತ್ತಿಗೇ ನೆರಳು ಕೊಡದ ಮರ ಅದು. ಎಲೆ ಹಿಸುಕಿದರೆ ಟರ್ಪೆಂಟೈನ್ ವಾಸನೆ. ಆನೆಗೆ ಮಾತ್ರ ಆ ವಾಸನೆ ಲೆಕ್ಕಕ್ಕಿಲ್ಲ. ಅವು ಮುರಿದು ತಿಂದ ಕಡೆ ಮೊಪಾನೆ ಆಳೆತ್ತರದ ಪೊದೆಯಾಗಿಯೇ ಉಳಿಯುತ್ತದೆ. ಲುವಾಂಗ್ವಾ ಕಣಿವೆಯ ಆಳ ಮಣ್ಣಿನಲ್ಲಿ ಅದೇ ಮರ 20 ಮೀಟರ್ ದಾಟುವುದುಂಟು. ಕಟ್ಟಿಗೆಗೆ ಗೆದ್ದಲು ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಅದಕ್ಕೇ ಗುಡಿಸಲಿನ ಕಂಬ, ದನದ ದೊಡ್ಡಿಯ ಬೇಲಿ ಎಲ್ಲಕ್ಕೂ ಅದೇ.

ಪ್ರಶ್ನೆ: ಆಫ್ರಿಕಾದಲ್ಲಿ ಮೊಪಾನೆ ಮರದ ಹುಳು ತಿನ್ನುತ್ತಾರಂತೆ. ನಿಜವೇ? ನೀವು ತಿಂದಿದ್ದೀರಾ?
— ಓದುಗರು, ಶಿರಸಿ

ಉತ್ತರ: ನಿಜ, ತಿಂದಿದ್ದೇನೆ. ಒಣಗಿದ್ದನ್ನು ಹಾಗೇ ಅಗಿದರೆ ನನಗೆ ಸೇರಲಿಲ್ಲ. ಈರುಳ್ಳಿ, ಟೊಮ್ಯಾಟೊ ಹಾಕಿ ಹುರಿದದ್ದನ್ನು ಎರಡನೇ ಸಲ ಬಡಿಸಿಕೊಂಡೆ.

ಅಲ್ಲಿ ಅದಕ್ಕೆ ‘ಫಾನೆ’ ಅನ್ನುತ್ತಾರೆ. ಮಳೆಗಾಲ ಶುರುವಾಗಿ ಡಿಸೆಂಬರ್ ಹೊತ್ತಿಗೆ ಒಂದು ಬೆಳೆ, ಏಪ್ರಿಲ್ ಸುಮಾರಿಗೆ ಇನ್ನೊಂದು. ಪಕ್ಕದ ಮನೆಯ ಅಜ್ಜಿ ಬೆರಳುದ್ದದ ಹುಳುವನ್ನು ಕೊಂಬೆಯಿಂದ ಕಿತ್ತು, ಒಂದು ತುದಿ ಚಿವುಟಿ, ಇನ್ನೊಂದು ತುದಿಯಿಂದ ಹೆಬ್ಬೆರಳಲ್ಲಿ ಒತ್ತಿಕೊಂಡು ಬರುತ್ತಿದ್ದಳು. ಅರೆಜೀರ್ಣವಾದ ಸೊಪ್ಪಿನ ಹಸಿರು ರಾಡಿ ಪಿಚಕ್ಕನೆ ಹೊರಗೆ! ಮೈಮೇಲಿನ ಸಣ್ಣ ಮುಳ್ಳು ತಾಗಿ ಅವಳ ಬೆರಳ ತುದಿಗಳೆಲ್ಲ ಒರಟು. ಆಮೇಲೆ ಉಪ್ಪುನೀರಲ್ಲಿ ಬೇಯಿಸಿ ಬಿಸಿಲಿಗೆ ಹರವುವುದು. ಒಣಗಿದ ಹುಳುವಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರೋಟೀನೇ. ಸಂತೆಯಲ್ಲಿ ಲೋಟದ ಅಳತೆಯಲ್ಲಿ ಮಾರಿ ಬಂದ ದುಡ್ಡು ಮೊಮ್ಮಕ್ಕಳ ಸ್ಕೂಲ್ ಯೂನಿಫಾರ್ಮಿಗೆ. ಬೋಟ್ಸ್‌ವಾನಾದ 5 ಪುಲಾ ನಾಣ್ಯದ ಮೇಲೂ ಈ ಹುಳುವಿನ ಚಿತ್ರವಿದೆ, ಸುಮ್ಮನೆ ಅಲ್ಲ.

ಹುಳು ನಮ್ಮ ತಸರ್ ರೇಷ್ಮೆಯ ಕುಟುಂಬದ್ದೇ. ಆದರೆ ಗೂಡು ಕಟ್ಟದೆ ಮಣ್ಣಿನೊಳಗೆ ಇಳಿದು ಕೋಶವಾಗುತ್ತದೆ. ಇದ್ದದ್ದನ್ನೆಲ್ಲ ಬಳಿದುಕೊಂಡರೆ ಮಣ್ಣಿಗೆ ಇಳಿಯಲು ಒಂದೂ ಉಳಿಯದು. ಪೇಟೆಯಿಂದ ಲಾರಿ ತಂದು ಚೀಲಗಟ್ಟಲೆ ತುಂಬಿಸಿಕೊಂಡು ಹೋಗುವವರನ್ನು ಕಂಡರೆ ಅಜ್ಜಿಗೆ ಉರಿಯುತ್ತಿದ್ದದ್ದು ಅದಕ್ಕೇ.

ಪ್ರಶ್ನೆ: ಮಳೆಯಾಶ್ರಿತ ಐದು ಎಕರೆ ಇದೆ. ನೀರು ಬೇಡದ ಈ ಮರ ಹಾಕಬಹುದೇ?
— ಓದುಗರು, ಕೊಪ್ಪಳ

ಉತ್ತರ: ಜೋಧಪುರದ ಒಣಭೂಮಿ ಸಂಶೋಧನಾ ಸಂಸ್ಥೆ ಕಾಜ್ರಿಯವರು ರಾಜಸ್ಥಾನದ ಒಣನೆಲದಲ್ಲಿ ಬೆಳೆಸಿ ನೋಡಿದ್ದಾರೆ, ಬದುಕುತ್ತದೆ. ಆದರೂ ನಾನು ಬೇಡವೆನ್ನುತ್ತೇನೆ. ‘ನೀರು ಬೇಡದ ಮರ’ ಅಂದುಕೊಂಡೇ ಬಳ್ಳಾರಿ ಜಾಲಿಯನ್ನು ಒಳಗೆ ಬಿಟ್ಟುಕೊಂಡೆವು, ಈಗ ಕಡಿದು ಸಾಕಾಗಿದೆ. ಮೊಪಾನೆ ಅದರಷ್ಟು ಹಬ್ಬುತ್ತದೆ ಎಂದಲ್ಲ. ಆದರೆ ತನ್ನ ತವರಲ್ಲಿ ಅದು ಬೇರೆ ಮರಗಳಿಗೆ ಜಾಗ ಬಿಡದೆ ಬೆಳೆಯುವುದನ್ನು, ಅದರಡಿ ಹುಲ್ಲು ಬಡಕಲಾಗುವುದನ್ನು ನೋಡಿದ್ದೇನೆ. ಅಲ್ಲಿ ಆ ನಷ್ಟ ತುಂಬಲು ಹುಳುವಿದೆ. ಇಲ್ಲಿ ನಿಮಗೆ ಸಿಗುವುದು ಸೌದೆ, ಬೇಲಿಗೂಟ ಅಷ್ಟೇ.

ಹುಣಸೆ ಹಾಕಿ. ಮೊಪಾನೆಗೆ ದೂರದ ನೆಂಟ, ಮೂಲ ಅದರದ್ದೂ ಆಫ್ರಿಕಾವೇ. ಕಸಿ ಗಿಡವನ್ನೇ ತನ್ನಿ, ಬೇಗ ಫಲಕ್ಕೆ ಬರುತ್ತದೆ. ಗಿಡದಿಂದ ಗಿಡಕ್ಕೆ 10 ಮೀಟರ್ ಬಿಟ್ಟರೆ ನಡುವೆ ಕೆಲವು ವರ್ಷ ಹುರುಳಿ, ಸಜ್ಜೆ ಬಿತ್ತಬಹುದು. ಮೊದಲ ಒಂದೆರಡು ಬೇಸಿಗೆ ಮಾತ್ರ ಕೊಡದಲ್ಲಾದರೂ ನೀರು ಹೊರಬೇಕು.