ಜೋನಿ ಬೆಲ್ಲಕ್ಕೆ ಬೆರೆಸಿದ ಒಂದು ಲೋಟ ನೀರು

ಈ ವಾರ ಒಂದು ಪತ್ರ ಓದಿದ ಮೇಲೆ ಬೇರೆ ಪತ್ರ ತೆರೆಯಲು ಮನಸ್ಸಾಗಲಿಲ್ಲ. ಶಿರಸಿ ಹತ್ತಿರದ ಹಳ್ಳಿಯಿಂದ ಒಬ್ಬರು ತಂಗಿ ಬರೆದಿದ್ದಾರೆ. ವಯಸ್ಸು 44. ಅಡಿಕೆ ತೋಟದ ಮನೆ. ಮನೆಯಲ್ಲಿ ಗಂಡ, ಮಾವ. ಮಗಳು ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದಾಳೆ, ಮಗ ಕಳೆದ ಜೂನ್‌ನಲ್ಲಿ ಧಾರವಾಡದ ಹಾಸ್ಟೆಲ್ ಸೇರಿದ.

ಅವರ ಕಷ್ಟ ಸಿಹಿಯದ್ದು. ರಾತ್ರಿ ಎಲ್ಲರೂ ಮಲಗಿದ ಮೇಲೆ ಉಗ್ರಾಣಕ್ಕೆ ಹೋಗುತ್ತಾರೆ. ಒಂದು ಚಮಚ ಜೋನಿ ಬೆಲ್ಲ (ಗಟ್ಟಿಯಾಗದೆ ಪಾಕದ ಹಾಗೇ ಇರುವ ಬೆಲ್ಲ) ಬಾಯಿಗೆ ಹಾಕಿಕೊಂಡು ಬರೋಣ ಅಂತ ಹೋದವರು ಅರ್ಧ ಲೋಟ ಮುಗಿಸಿ ಬರುತ್ತಾರೆ. ವಾರಕ್ಕೆ ಮೂರ್ನಾಲ್ಕು ರಾತ್ರಿ ಹೀಗೆ, ಮಗ ಹೋದಾಗಿನಿಂದ ಜಾಸ್ತಿ. ಬೆಂಗಳೂರಿನ ಮೈದುನ ಹಬ್ಬಕ್ಕೆ ಬಂದವನು "21 ದಿನ ಸಿಹಿ ಮುಟ್ಟಬೇಡಿ ಅತ್ತಿಗೆ, ಬೆಳಗಿನ ತಿಂಡಿಯನ್ನೂ ಬಿಡಿ, ಎಲ್ಲ ಸರಿಯಾಗುತ್ತೆ" ಅಂತ ಊಟದ ಪಂಕ್ತಿಯಲ್ಲೇ ಎಲ್ಲರೆದುರು ಹೇಳಿದ. ಇವರು ಶುರು ಮಾಡಿದರು. ಒಂಬತ್ತನೇ ದಿನ ಪಕ್ಕದ ಮನೆಯ ಸತ್ಯನಾರಾಯಣ ವ್ರತದ ಪ್ರಸಾದ ಕೈಗೆ ಬಿತ್ತು. ಅಂದು ರಾತ್ರಿ ಉಗ್ರಾಣದಲ್ಲಿ ಹಿಂದೆಂದಿಗಿಂತ ಜಾಸ್ತಿ ತಿಂದರು.

"ಅಕ್ಕಾ, ನನ್ನ ಮನಸ್ಸೇ ಗಟ್ಟಿ ಇಲ್ವಾ? ಇಷ್ಟಕ್ಕೆಲ್ಲ ಡಾಕ್ಟರ್ ಹತ್ರ ಹೋಗ್ಬೇಕಾ? ಬೆಲ್ಲ ತಿಂತೀನಿ ಅಂದ್ರೆ ನಗ್ತಾರೇನೋ" ಅಂತ ಕೇಳಿದ್ದಾರೆ.

ತಂಗಿ, ನಿಮ್ಮ ಪತ್ರದಲ್ಲಿ ಒಂದು ಸಾಲಿದೆ. ನೀವು ಅದನ್ನು ಕೊನೆಯಲ್ಲಿ, ಸಹಿಗೆ ಸ್ವಲ್ಪ ಮೊದಲು, ಮರೆತು ಹೋಗಿದ್ದನ್ನು ಸೇರಿಸಿದ ಹಾಗೆ ಬರೆದಿದ್ದೀರಿ. ಡಬ್ಬದ ಬೆಲ್ಲ ಇಳಿದದ್ದು ಗೊತ್ತಾಗಬಾರದು ಅಂತ ಒಂದು ಲೋಟ ನೀರು ಬೆರೆಸಿಟ್ಟಿರಿ. ಹದಿನೈದು ದಿನದಲ್ಲಿ ಬೆಲ್ಲದ ಮೇಲೆ ನೊರೆ ಬಂತು, ಹುಳಿ ವಾಸನೆ ಬಂತು. ನಿಮ್ಮ ಯಜಮಾನರು ಮುಚ್ಚಳ ತೆಗೆದು ನೋಡಿ "ಈ ಸಲ ಪಾಕ ಸಮಾ ಇಲ್ಲೆ" ಅಂದರು. ಆಲೆಮನೆಯವರಿಗೆ ಫೋನ್ ಮಾಡಿ ಎರಡು ಮಾತು ಜೋರಾಗಿಯೇ ಹೇಳಿದರು. ನೀವು ಅಲ್ಲೇ ಒಲೆ ಮುಂದೆ ನಿಂತಿದ್ದಿರಿ. ಮಾತಾಡಲಿಲ್ಲ.

ನಾನು ಈ ಸಾಲಿನಲ್ಲೇ ನಿಂತುಬಿಟ್ಟೆ.

ಆಲೆಮನೆ ನೋಡಿದವರಿಗೆ ಗೊತ್ತು, ಪಾಕ ಅಂದರೆ ಏನು ಅಂತ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಗಂಟೆಗಟ್ಟಲೆ ಕುದಿಯಬೇಕು. ಮೇಲೆ ಬಂದ ಕೊಳೆ ನೊರೆಯನ್ನು ತೆಗೆಯುತ್ತಲೇ ಇರಬೇಕು. ಉಂಡೆ ಬೆಲ್ಲದ ಹದಕ್ಕೆ ಹೋಗುವ ಮೊದಲೇ ಬೆಂಕಿ ಹಿಂದೆ ಎಳೆಯಬೇಕು. ಸರಿಯಾಗಿ ಬಂದ ಜೋನಿ ಬೆಲ್ಲ ಸೌಟಿನಿಂದ ನೂಲಿನ ಹಾಗೆ ಇಳಿಯುತ್ತದೆ, ಮಳೆಗಾಲ ಪೂರ್ತಿ ಕೆಡದೆ ನಿಲ್ಲುತ್ತದೆ. ಅದರಲ್ಲಿ ಸಕ್ಕರೆ ಅಷ್ಟು ದಟ್ಟವಾಗಿರುವುದರಿಂದಲೇ ಹುಳಿ ಬರಿಸುವ ಜೀವಿಗಳು ಬೆಳೆಯುವುದಿಲ್ಲ. ನೀರು ಬಿತ್ತೋ, ಅವಕ್ಕೆ ಹಬ್ಬ. ಅಂದರೆ ಆ ಮನುಷ್ಯನ ಪಾಕ ಸರಿಯಾಗಿಯೇ ಇತ್ತು. ನಮ್ಮ ಸೀಮೆಯಲ್ಲಿ ಬೆಲ್ಲ ಮಾಡುವವರಿಗೆ ಹೆಸರೇ ಬಂಡವಾಳ. ಮುಂದಿನ ವರ್ಷ ನಿಮ್ಮ ಮನೆಯವರು ಬೇರೆ ಕಡೆ ಬೆಲ್ಲ ತರುತ್ತಾರೆ, ನಾಲ್ಕು ಜನರಿಗೂ ಹೇಳುತ್ತಾರೆ. ಆ ಆಲೆಮನೆಯವರನ್ನು ನೆನೆದು ನನಗೆ ತುಂಬಾ ಬೇಜಾರಾಯಿತು.

ಇದನ್ನು ನಿಮ್ಮನ್ನು ಬೈಯಲಿಕ್ಕೆ ಹೇಳುತ್ತಿಲ್ಲ. ನೀವು ಸುಳ್ಳು ಹೇಳುವ ಜನ ಅಲ್ಲ, ಪತ್ರ ಓದಿದರೆ ಗೊತ್ತಾಗುತ್ತದೆ. ಅಂಥವರಿಂದ ಸುಳ್ಳು ಆಡಿಸುವಷ್ಟು ಈ ನಾಚಿಕೆ ಬೆಳೆದಿದೆ. ಡಾಕ್ಟರ್ ಹತ್ರ ಹೋಗಬೇಕಾ ಅಂತ ಕೇಳಿದಿರಲ್ಲ, ನನಗೆ ಉತ್ತರ ಸಿಕ್ಕಿದ್ದು ಆ ಲೋಟ ನೀರಿನಲ್ಲಿ. ಸಿಹಿ ಇಷ್ಟಪಡುವವರು ಕೇಳಿ ಹಾಕಿಸಿಕೊಂಡು ತಿನ್ನುತ್ತಾರೆ. ತೊಡೆದೇವು ಎದುರಿಟ್ಟರೆ ಇನ್ನೊಂದು ಕೊಡಿ ಅಂತಾರೆ. ಕದ್ದು ತಿಂದು, ಗುರುತು ಮುಚ್ಚಿ, ಬೆಳಗ್ಗೆ ತನಗೆ ತಾನೇ ಛೀ ಅಂದುಕೊಳ್ಳುವ ಹಂತಕ್ಕೆ ಬಂದರೆ ಸಹಾಯ ಕೇಳಬೇಕು. ಎಷ್ಟು ಚಮಚ ಅನ್ನುವ ಲೆಕ್ಕ ಆಮೇಲೆ.

ವೈದ್ಯರು ನೋಡುವ ರೀತಿಯೂ ಹೆಚ್ಚುಕಡಿಮೆ ಹೀಗೇ ಇದೆ. ಬಿಂಜ್ ಈಟಿಂಗ್ ಡಿಸಾರ್ಡರ್ ಅಂತ ಒಂದು ತೊಂದರೆ ಇದೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ 2013ರಿಂದ ಅದಕ್ಕೆ ಸ್ವಂತ ಜಾಗ ಸಿಕ್ಕಿದೆ. ಸ್ವಲ್ಪ ಹೊತ್ತಿನಲ್ಲೇ ವಿಪರೀತ ತಿನ್ನುವುದು, ನಿಲ್ಲಿಸಲು ಆಗದಿರುವುದು, ಹಸಿವಿಲ್ಲದಿದ್ದರೂ ತಿನ್ನುವುದು, ನಾಚಿಕೆಯಿಂದ ಒಬ್ಬರೇ ತಿನ್ನುವುದು, ಆಮೇಲೆ ತನ್ನ ಬಗ್ಗೆಯೇ ಅಸಹ್ಯ ಪಡುವುದು. ವಾರಕ್ಕೆ ಒಂದು ಸಲವಾದರೂ, ಮೂರು ತಿಂಗಳು ಹೀಗೆ ನಡೆದರೆ ಆ ಹೆಸರಿನ ಬಗ್ಗೆ ಯೋಚಿಸುತ್ತಾರೆ. ನಿಮಗೆ ಅದೇ ಇದೆ ಅಂತ ನಾನು ಹೇಳುತ್ತಿಲ್ಲ, ಹೇಳಲು ನಾನು ಡಾಕ್ಟರ್ ಅಲ್ಲ. ಆದರೆ ಇದಕ್ಕೆ ಮಾತಿನ ಚಿಕಿತ್ಸೆ ಇದೆ, ಕೆಲವರಿಗೆ ಔಷಧಿಯೂ ಇದೆ, ಗುಣವಾಗುತ್ತದೆ. "ಸಕ್ಕರೆ ಚಟ" ಅಂತ ಮೊಬೈಲ್‌ನಲ್ಲಿ ಓಡಾಡುವ ಮಾತು ಮಾತ್ರ ಆ ಕೈಪಿಡಿಯಲ್ಲಿ ಕಾಯಿಲೆಯ ಹೆಸರಾಗಿ ಇಲ್ಲ. ತಿಂದದ್ದನ್ನು ವಾಂತಿ ಮಾಡಿಕೊಳ್ಳುವ ಅಥವಾ ಭೇದಿ ಮಾಡಿಸುವ ಔಷಧಿ ತೆಗೆದುಕೊಳ್ಳುವ ಅಭ್ಯಾಸವೂ ಇದ್ದರೆ ಒಂದು ದಿನವೂ ತಡ ಮಾಡಬಾರದು.

ಇನ್ನು ನಿಮ್ಮ ಮೈದುನ. ಅವನ ಮೇಲೆ ನನಗೆ ನಿಜವಾಗಿ ಸಿಟ್ಟಿದೆ. ನಲವತ್ತು ದಾಟಿದ ಅತ್ತಿಗೆಯ ಮೈ ಬಗ್ಗೆ, ಊಟದ ಬಗ್ಗೆ ಪಂಕ್ತಿಯಲ್ಲಿ ಕೂತು ಮಾತಾಡಲು ಅವನಿಗೆ ಅಧಿಕಾರ ಕೊಟ್ಟವರು ಯಾರು? ಆ ದಿನ ಬಡಿಸುತ್ತಿದ್ದವರು ನೀವೇ ಅಲ್ವಾ? 21 ದಿನದ ಲೆಕ್ಕವಾದರೂ ಎಲ್ಲಿಂದ ಬಂತು? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ನೋಡಿ 2010ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಒಂದು ಹೊಸ ಅಭ್ಯಾಸ ಮೈಗೂಡಲು ಮಧ್ಯಮ ಲೆಕ್ಕದಲ್ಲಿ 66 ದಿನ ಬೇಕಾಯಿತು. ಕೆಲವರಿಗೆ 18 ಸಾಕು, ಕೆಲವರಿಗೆ 254 ಬೇಕು ಅನ್ನುವಷ್ಟು ವ್ಯತ್ಯಾಸ. ಒಂಬತ್ತನೇ ದಿನ ಒಂದು ಮುಷ್ಟಿ ಪ್ರಸಾದ ತಿಂದದ್ದು ಸೋಲು ಅಂತ ನೀವು ತಿಳಿದುಕೊಂಡಿರಿ. "ಹೇಗೂ ಕೆಟ್ಟಿತು" ಅಂದುಕೊಂಡ ಮೇಲೆ ಕೈ ನಿಲ್ಲುವುದಿಲ್ಲ. ಪೂರ್ತಿ ಬಿಡು ಅನ್ನುವ ಕಟ್ಟುಪಾಡೇ ಎಷ್ಟೋ ಜನರನ್ನು ಹೀಗೆ ಒಂದೇ ಸಲಕ್ಕೆ ಜಾಸ್ತಿ ತಿನ್ನುವ ಕಡೆಗೆ ತಳ್ಳುತ್ತದೆ.

ತಿಂಡಿ ಬಿಡಿ ಅಂದನಲ್ಲ, ಅದಂತೂ ಇನ್ನೂ ಕೆಟ್ಟದ್ದು. ನಾನು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಮತ್ತೆ ಬರೆಯುತ್ತೇನೆ: ನಮ್ಮ ಮನೆಗಳಲ್ಲಿ ಹೆಂಗಸರು ಊಟ ಮಾಡುವುದೇ ಇಲ್ಲ. ನಿಮ್ಮ ದಿನವನ್ನೇ ನೋಡಿ. ಐದೂವರೆಗೆ ಎದ್ದು ಒಂದು ಚಾ. ಎಂಟಕ್ಕೆ ಎಲ್ಲರಿಗೂ ಬಿಸಿ ದೋಸೆ, ನಿಮಗೆ ಹರಿದದ್ದು ಒಂದು, ಅದೂ ನಿಂತುಕೊಂಡೇ. ಮೈದುನನ ಉಪದೇಶದ ಮೇಲೆ ಅದೂ ಹೋಯಿತು. ಹನ್ನೆರಡೂವರೆಗೆ ಮಾವನ ಊಟ, ಆಮೇಲೆ ಯಜಮಾನರದ್ದು, ತೋಟದ ಕೆಲಸದವರ ಚಾ. ನಿಮ್ಮ ಊಟ ಎರಡೂವರೆಗೆ, ತಂಬುಳಿ ಅನ್ನ. ರಾತ್ರಿ ಒಂಬತ್ತಕ್ಕೆ ಉಳಿದದ್ದು. ಹೀಗೆ ಇಡೀ ದಿನ ಅರೆಹೊಟ್ಟೆಯಲ್ಲಿ ಓಡಾಡಿದ ಮೈ ರಾತ್ರಿ ಹನ್ನೊಂದಕ್ಕೆ ಸಿಹಿ ಕೊಡು ಅಂತ ಕೂಗಿದರೆ ಮನಸ್ಸು ಗಟ್ಟಿ ಇಲ್ಲ ಅಂತೀರಾ? ಕಾಳು, ಮೊಸರು, ನೆಲಗಡಲೆ ಇಂಥದ್ದು ದಿನದಲ್ಲಿ ಹೊಟ್ಟೆಗೆ ಬಿದ್ದರೆ ರಾತ್ರಿಯ ಹಾತೊರೆತ ಎಷ್ಟೋ ಕಡಿಮೆಯಾಗಬಹುದು. ನಿದ್ದೆ ಕೆಟ್ಟರೂ ಹಸಿವು ಜಾಸ್ತಿಯಾಗುತ್ತದೆ, ನಿಮ್ಮದು ಹನ್ನೆರಡರವರೆಗೂ ಎಚ್ಚರ.

ಮಗ ಹೋದ ಮೇಲೆ ಜಾಸ್ತಿಯಾಯಿತು ಅನ್ನುವುದನ್ನೂ ಡಾಕ್ಟರಿಗೆ ಹೇಳಿ. ಆ ಹನ್ನೊಂದು ಗಂಟೆ ಮೊದಲು ಅವನ ಓದಿಗೆ ಕೂತು ಹಾಲು ಬಿಸಿ ಮಾಡಿ ಕೊಡುವ ಹೊತ್ತಾಗಿತ್ತು ಅಂತ ನೀವೇ ಬರೆದಿದ್ದೀರಿ.

"ನಾನು ತಿನ್ನೋದು ಬೆಲ್ಲ, ಸಕ್ಕರೆ ಅಲ್ಲವಲ್ಲ" ಅಂತಲೂ ಒಂದು ಮಾತಿದೆ. ಈ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಆಸರಿಗೆ, ಅಂದರೆ ಬಾಯಾರಿಕೆಗೆ, ಬೆಲ್ಲ ನೀರು ಕೊಟ್ಟು ಬೆಳೆಸಿದ ಊರು ನಮ್ಮದು, ಬೆಲ್ಲದ ಮೇಲೆ ನನಗೂ ಪ್ರೀತಿ ಇದೆ. ಆದರೂ ಬೆಲ್ಲದಲ್ಲಿ ಬಹುಪಾಲು ಇರುವುದು ಅದೇ ಸಕ್ಕರೆ. ರಕ್ತಕ್ಕೆ ಹೋದ ಮೇಲೆ ಅದು ಕಬ್ಬಿನ ಗಾಣದಿಂದ ಬಂತೋ, ಅಂಗಡಿ ಪೊಟ್ಟಣದಿಂದ ಬಂತೋ ಅಂತ ಮೈ ಕೇಳುವುದಿಲ್ಲ. ಮೇಲಿನಿಂದ ಸೇರಿಸುವ ಸಕ್ಕರೆ, ಬೆಲ್ಲ, ಜೇನುತುಪ್ಪ ಎಲ್ಲ ಸೇರಿ ದಿನಕ್ಕೆ ಸುಮಾರು 25 ಗ್ರಾಂ, ಅಂದರೆ ಆರು ಚಮಚದೊಳಗಿದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ನಿಮ್ಮ ಅರ್ಧ ಲೋಟದಲ್ಲಿ ಮೂರ್ನಾಲ್ಕು ದಿನದ ಪಾಲು ಇದೆ. ನಿಮ್ಮ ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು ಅಂತ ಬೇರೆ ಬರೆದಿದ್ದೀರಿ.

ಆದ್ದರಿಂದ ರಕ್ತ ಪರೀಕ್ಷೆ ಆಗಲೇಬೇಕು. ಎಚ್‌ಬಿಎ1ಸಿ ಅಂತ ಕೇಳಿ, ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಅದರಲ್ಲಿ ಸಿಗುತ್ತದೆ. 5.7ಕ್ಕಿಂತ ಕಡಿಮೆ ಇದ್ದರೆ ಸರಿ. 5.7ರಿಂದ 6.4ರವರೆಗೆ ಇದ್ದರೆ ಕಾಯಿಲೆಯ ಅಂಚು. 6.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸಕ್ಕರೆ ಕಾಯಿಲೆ, ಅದನ್ನೂ ಸಾಮಾನ್ಯವಾಗಿ ಇನ್ನೊಮ್ಮೆ ನೋಡಿ ಖಚಿತ ಮಾಡುತ್ತಾರೆ. ಜೊತೆಗೆ ಹಿಮೋಗ್ಲೋಬಿನ್ ಕೂಡ ಮಾಡಿಸಿ. ರಕ್ತ ಕಡಿಮೆ ಇದ್ದರೆ ಈ ಲೆಕ್ಕ ಏರುಪೇರಾಗುತ್ತದೆ, ನಿಂತು ದೋಸೆ ತಿನ್ನುವ ಹೆಂಗಸರಲ್ಲಿ ಎಷ್ಟು ಜನಕ್ಕೆ ರಕ್ತ ಸರಿಯಾಗಿರುತ್ತದೆ ಹೇಳಿ?

ಉಳಿದದ್ದಕ್ಕೆಲ್ಲ ನಾನು ನಿಮಗೆ ಪಟ್ಟಿ ಕೊಡುವುದಿಲ್ಲ. ಡಬ್ಬಕ್ಕೆ ಬೀಗ ಹಾಕಿ, ಏಲಕ್ಕಿ ಅಗಿಯಿರಿ, ನೀರು ಕುಡಿಯಿರಿ ಅಂತೆಲ್ಲ ಹೇಳುವವರು ಬೇಕಾದಷ್ಟಿದ್ದಾರೆ. ನೀವು ಮಾಡಬೇಕಾದದ್ದು ಒಂದೇ. ನನಗೆ ಬರೆದ ಈ ಪತ್ರವನ್ನೇ ತೆಗೆದುಕೊಂಡು ಡಾಕ್ಟರ್ ಹತ್ರ ಹೋಗಿ. ಬಾಯಿಬಿಟ್ಟು ಹೇಳಲು ಆಗದಿದ್ದರೆ ಕಾಗದ ಮುಂದಿಡಿ. ನೀರು ಬೆರೆಸಿದ ಸಾಲಿನ ಕೆಳಗೆ ಒಂದು ಗೆರೆ ಎಳೆದುಕೊಂಡು ಹೋಗಿ, ಅವರು ಅದನ್ನು ದಾಟಿ ಹೋಗಬಾರದು.

ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ ಕಾರ್ಯಕ್ರಮ ಇದೆ, ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಅದು. ಶಿರಸಿ ಸರಕಾರಿ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಯಾವ ಮಂಗಳವಾರ ಅಂತ ಕೇಳಿಕೊಳ್ಳಿ. ಅದಕ್ಕೂ ಮೊದಲು ಯಾವುದಾದರೂ ರಾತ್ರಿ ಉಗ್ರಾಣದ ಬಾಗಿಲಲ್ಲಿ ನಿಂತು ತಡೆಯಲಾಗದೆ ಹೋದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಅಂತ, ಸರಕಾರದ್ದೇ, ದುಡ್ಡಿಲ್ಲ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ಬೆಲ್ಲ ತಿಂತೀನಿ ಅಂದರೆ ನಗುವ ಡಾಕ್ಟರ್ ಸಿಕ್ಕಿದರೆ ಎದ್ದು ಬನ್ನಿ, ಇನ್ನೊಬ್ಬರ ಹತ್ರ ಹೋಗಿ. ಆಗ ತಪ್ಪು ನಗುವವರದ್ದು.

ಮನೆಯಲ್ಲಿ ಹೊರಡುವಾಗ ಮಾರಿಗುಡಿಗೆ ಹಣ್ಣುಕಾಯಿ ಮಾಡಿಸಿ ಬರ್ತೀನಿ ಅಂತ ನೆಪ ಹೇಳಬೇಡಿ. ಡಾಕ್ಟರ್ ಹತ್ರ ಹೋಗ್ತೀನಿ ಅಂತಲೇ ಹೇಳಿ. ಯಾಕೆ ಅಂತ ಯಜಮಾನರು ಕೇಳಿದರೆ ನೀರಿನ ವಿಷಯ ಆಗ ಬಂದರೂ ಬರಲಿ. ಅವರು ಒಳ್ಳೆಯವರು ಅಂತ ನಿಮ್ಮ ಪತ್ರದಲ್ಲಿ ಮೂರು ಸಲ ಬಂದಿದೆ, ನಾನು ನಂಬುತ್ತೇನೆ. ಆಲೆಮನೆಯವರಿಗೆ ಅವರೇ ಇನ್ನೊಂದು ಫೋನ್ ಮಾಡಲಿ.

ಅಂದಹಾಗೆ ಎಚ್‌ಬಿಎ1ಸಿ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಾಗಿಲ್ಲ. ಬಸ್ಸಿಗೆ ಹೊರಡುವ ಮೊದಲು ಹಂಚಿನಿಂದ ಇಳಿದ ಎರಡು ಬಿಸಿ ದೋಸೆ ತಟ್ಟೆಗೆ ಹಾಕಿಕೊಳ್ಳಿ, ಚಟ್ನಿ ಹಾಕಿಕೊಳ್ಳಿ, ಕೂತು ತಿನ್ನಿ. ಮಾವನವರ ದೋಸೆ ಐದು ನಿಮಿಷ ತಡವಾಗಲಿ.