90 ಕಂಪ್ಯೂಟರ್‌ಗಳ ಕಾರ್ಖಾನೆ ಥ್ರೆಟ್ ಇಂಟೆಲಿಜೆನ್ಸ್ ಫೀಡ್ ಕೊಳ್ಳಬೇಕೆ?

ನಿಮ್ಮ ಪ್ರಶ್ನೆಯ ಸಾರ: ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಬಿಡಿಭಾಗ ತಯಾರಿಸುವ ಕಾರ್ಖಾನೆ, 90 ಕಂಪ್ಯೂಟರ್, ಒಂದು ಫೋರ್ಟಿಗೇಟ್ ಫೈರ್‌ವಾಲ್, ಮೈಕ್ರೋಸಾಫ್ಟ್ 365 ಮೇಲ್, ಐಟಿಗೆ ಇಬ್ಬರು. ದುಬಾರಿ ಫೀಡ್ ತಗೊಂಡರೆ ದಾಳಿಗಳೆಲ್ಲ ತಾನಾಗೇ ಬ್ಲಾಕ್ ಆಗುತ್ತವೆ ಅಂತ ಮಾರಾಟದವರು ಹೇಳುತ್ತಿದ್ದಾರೆ. ಕೊಳ್ಳಬೇಕೆ, ಆಟೊಮೇಷನ್ ಎಲ್ಲಿಂದ ಶುರು ಮಾಡಬೇಕು?

ಸದ್ಯಕ್ಕೆ ಕೊಳ್ಳಬೇಡಿ. ಫೀಡ್ ಅಂದರೆ ಬಹುಮಟ್ಟಿಗೆ ಕೆಟ್ಟ ಐಪಿ, ಡೊಮೈನ್, ಫೈಲ್ ಹ್ಯಾಶ್‌ಗಳ (ಫೈಲಿನ ಬೆರಳಚ್ಚಿನಂಥ ಗುರುತು) ಪಟ್ಟಿ. ತಾಳೆ ನೋಡಲು ನಿಮ್ಮ ಹತ್ತಿರ ಲಾಗ್, ಅಂದರೆ ಯಾವ ಯಂತ್ರದಲ್ಲಿ ಯಾವಾಗ ಏನಾಯಿತು ಎಂಬ ದಾಖಲೆ, ಇಲ್ಲದಿದ್ದರೆ ಪಟ್ಟಿ ಎಷ್ಟು ಉದ್ದವಿದ್ದು ಏನು ಪ್ರಯೋಜನ? ಮೊದಲ ಖರ್ಚು ಲಾಗ್‌ಗೆ ಹೋಗಲಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 28 ಏಪ್ರಿಲ್ 2022ರಂದು ಹೊರಡಿಸಿದ ನಿರ್ದೇಶನದಂತೆ 180 ದಿನಗಳ ಲಾಗ್ ಇಟ್ಟಿರಲೇಬೇಕು; ಅದರಲ್ಲಿ ಹೆಸರಿಸಿದ ಬಗೆಯ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಕೊಡಬೇಕು. ಮೈಕ್ರೋಸಾಫ್ಟ್ 365 ಲಾಗಿನ್ ನೋಡಿಕೊಳ್ಳುವ ಎಂಟ್ರಾ ಐಡಿಯ ಉಚಿತ ಆವೃತ್ತಿಯಲ್ಲಿ ಸೈನ್-ಇನ್ ಲಾಗ್ ಉಳಿಯುವುದು 7 ದಿನ, ಪಿ1 ಲೈಸೆನ್ಸ್ ಇದ್ದರೆ 30 ದಿನ. ನೀವೇ ಅದನ್ನು ಹೊರಗೆಳೆದು ಇಡದಿದ್ದರೆ, ಎರಡು ತಿಂಗಳ ಹಿಂದೆ ಯಾರು ಎಲ್ಲಿಂದ ಲಾಗಿನ್ ಆಗಿದ್ದರು ಎಂದು ಹೇಳಲು ಏನೂ ಸಿಗುವುದಿಲ್ಲ.

ನಿಮ್ಮ ಅಳತೆಗೆ, ಲಾಗ್ ಒಟ್ಟುಗೂಡಿಸಿ ಎಚ್ಚರಿಸುವ ವಾಝು ಎಂಬ ಸಾಫ್ಟ್‌ವೇರ್ ಸಾಕು, ಅದು ಉಚಿತ. ನೂರು ಮಷಿನ್‌ವರೆಗೆ 8 ಕೋರ್, 8 ಜಿಬಿ ರ‍್ಯಾಮ್, 90 ದಿನಕ್ಕೆ 200 ಜಿಬಿ ಡಿಸ್ಕ್ ಎಂದು ಅದರ ಕೈಪಿಡಿಯೇ ಹೇಳುತ್ತದೆ. 180 ದಿನಕ್ಕೆ ಅದರ ಎರಡರಷ್ಟು ಬೇಕು, ಫೈರ್‌ವಾಲ್ ಲಾಗ್ ಬೇರೆ. ನಾನಾದರೆ 1 ಟಿಬಿ ಹಾಕಿಸುತ್ತೇನೆ. ಫೈರ್‌ವಾಲ್‌ನ ಎಲ್ಲ ಟ್ರಾಫಿಕ್ ಲಾಗನ್ನೂ ವಾಝುಗೆ ಸುರಿಯಬೇಡಿ, ಡಿಸ್ಕ್ ಬೇಗ ತುಂಬುತ್ತದೆ. ತಡೆದ ಸಂಪರ್ಕ, ವಿಪಿಎನ್ ಲಾಗಿನ್, ಅಡ್ಮಿನ್ ಲಾಗಿನ್ ಅಲ್ಲಿಗೆ ಹೋಗಲಿ. ಉಳಿದದ್ದು ಕಂಪ್ರೆಸ್ ಆಗಿ ಇನ್ನೊಂದು ಡಿಸ್ಕ್‌ನಲ್ಲಿ ಬಿದ್ದಿರಲಿ. ಇನ್ನೊಂದು ಸಣ್ಣ ವಿಷಯ, ಎಲ್ಲರೂ ಮರೆಯುವಂಥದ್ದು: ಗಡಿಯಾರ. ಕರೆಂಟ್ ಹೋಗಿ ಬಂದಾಗ, ಮದರ್‌ಬೋರ್ಡ್ ಬ್ಯಾಟರಿ ಸತ್ತ ಹಳೇ ಪಿಸಿಗಳ ಸಮಯ ಎಲ್ಲೋ ಹೋಗಿರುತ್ತದೆ. ಆಮೇಲೆ ಫೈರ್‌ವಾಲ್ ಲಾಗೂ ಪಿಸಿ ಲಾಗೂ ಒಂದಕ್ಕೊಂದು ಹೊಂದುವುದೇ ಇಲ್ಲ. ಎಲ್ಲವನ್ನೂ ನೆಟ್‌ವರ್ಕ್ ಮೂಲಕ ಸಮಯ ಸರಿಹೊಂದಿಸುವ ಎನ್‌ಟಿಪಿಗೆ ಕಟ್ಟಿಹಾಕಿ. ಇದೂ ಅದೇ ನಿರ್ದೇಶನದಲ್ಲಿದೆ.

ಇನ್ನು ಮಾಹಿತಿ. ನಿಮ್ಮದೇ ಐಪಿ ಬಗ್ಗೆ ಹೊರಗಿನವರಿಗೆ ಏನು ಕಾಣುತ್ತಿದೆ ಎನ್ನುವುದು ಎಲ್ಲಕ್ಕಿಂತ ಬೆಲೆಯ ಸುಳಿವು, ಅದು ದುಡ್ಡಿಲ್ಲದೆ ಸಿಗುತ್ತದೆ. ಇಂಟರ್ನೆಟ್ಟನ್ನು ಸ್ಕ್ಯಾನ್ ಮಾಡುವ ಲಾಭರಹಿತ ಸಂಸ್ಥೆ ಶ್ಯಾಡೋಸರ್ವರ್‌ನಲ್ಲಿ ನಿಮ್ಮ ಸ್ಥಿರ ಐಪಿ ನಿಮ್ಮದೇ ಎಂದು ತೋರಿಸಿ ನೋಂದಾಯಿಸಿದರೆ, ತೆರೆದುಬಿಟ್ಟ ರಿಮೋಟ್ ಡೆಸ್ಕ್‌ಟಾಪ್, ಬಾಟ್‌ನೆಟ್ (ದಾಳಿಕೋರರ ಹಿಡಿತಕ್ಕೆ ಸಿಕ್ಕ ಕಂಪ್ಯೂಟರ್‌ಗಳ ಜಾಲ) ಸೋಂಕಿನಂಥವು ಕಂಡಾಗ ಮೇಲ್ ಬರುತ್ತದೆ. ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರವೂ ಇದೇ ಬಗೆಯ ಕೆಲಸ ಮಾಡುತ್ತದೆ. ಅಮೆರಿಕ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಸಾ ನವೆಂಬರ್ 2021ರಿಂದ, ನಿಜವಾಗಿಯೂ ದಾಳಿಗೆ ಬಳಕೆಯಾದ ದೋಷಗಳ ಪಟ್ಟಿ ಪ್ರಕಟಿಸುತ್ತಿದೆ. ದಿನಕ್ಕೊಮ್ಮೆ ಅದನ್ನು ಇಳಿಸಿಕೊಂಡು ನಿಮ್ಮ ಸಾಫ್ಟ್‌ವೇರ್ ಪಟ್ಟಿಯೊಡನೆ ಹೋಲಿಸಿ, ಹೊಂದಿದ್ದಕ್ಕೆ ಟಿಕೆಟ್ ತೆರೆಯುವ ಸ್ಕ್ರಿಪ್ಟ್ ಬರೆಯಿರಿ. ನಿಮ್ಮ ಮೊದಲ ಆಟೊಮೇಷನ್ ಇದೇ ಆಗಲಿ. ತಪ್ಪಾದರೂ ಯಾರ ಕೆಲಸವೂ ನಿಲ್ಲುವುದಿಲ್ಲ. ಫೈರ್‌ವಾಲನ್ನೂ ನಿಮ್ಮ ಸಾಫ್ಟ್‌ವೇರ್ ಪಟ್ಟಿಗೆ ಸೇರಿಸಲು ಮರೆಯಬೇಡಿ. ಫೋರ್ಟಿಗೇಟ್ ಒಳಗಿನ ಸಾಫ್ಟ್‌ವೇರ್ ಫೋರ್ಟಿಓಎಸ್‌ನ ಎಸ್‌ಎಸ್‌ಎಲ್ ವಿಪಿಎನ್‌ನಲ್ಲಿ ಫೆಬ್ರವರಿ 2024ರಲ್ಲಿ ಹೊರಬಿದ್ದ ಸಿವಿಇ-2024-21762 ಎಂಬ ದೋಷ ಸಿಸಾ ಪಟ್ಟಿಯಲ್ಲಿದೆ. ಕಾವಲಿನ ಪೆಟ್ಟಿಗೆಯೇ ಬಾಗಿಲಾದರೆ ಒಳಗಿನ ಫೀಡ್ ಯಾವುದಾದರೇನು?

ಅದಾದ ಮೇಲೆ ಬ್ಲಾಕ್ ಮಾಡುವ ಮಾತು. ಎಲ್ಲ ಪಿಸಿಗಳ ಡಿಎನ್‌ಎಸ್ ವಿಚಾರಣೆ (ಸೈಟ್ ಹೆಸರಿಗೆ ಐಪಿ ಯಾವುದೆಂದು ಕೇಳುವುದು) ಕ್ವಾಡ್9 ಎಂಬ ಉಚಿತ ಸೇವೆಯ 9.9.9.9 ಮೂಲಕ ಹೋಗುವಂತೆ ಮಾಡಿದರೆ, ಗೊತ್ತಿರುವ ಕೆಟ್ಟ ಡೊಮೈನ್‌ಗಳು ಅಲ್ಲೇ ನಿಲ್ಲುತ್ತವೆ, ಹತ್ತು ನಿಮಿಷದ ಕೆಲಸ. ಮಾಲ್‌ವೇರ್ ಹಂಚುವ ವಿಳಾಸಗಳ ಯುಆರ್‌ಎಲ್‌ಹೌಸ್ ಪಟ್ಟಿಯನ್ನು ಫೋರ್ಟಿಗೇಟ್‌ನ ಎಕ್ಸ್‌ಟರ್ನಲ್ ಥ್ರೆಟ್ ಫೀಡ್ ಸೌಲಭ್ಯಕ್ಕೆ ಜೋಡಿಸಬಹುದು. ಬಳಕೆಯ ಷರತ್ತು ಓದಿಕೊಳ್ಳಿ. ಮೊದಲ ಎರಡು ವಾರ ಲಾಗ್ ಮಾತ್ರ ಮಾಡಿ, ತಡೆಯಬೇಡಿ. ಯಾಕೆಂದರೆ ಐಪಿ ಪಟ್ಟಿಗಳಲ್ಲಿ ಕ್ಲೌಡ್‌ಫ್ಲೇರ್‌ನಂಥವರ ವಿಳಾಸ ನುಸುಳಿರುತ್ತದೆ. ಅದರ ಹಿಂದೆ ಸಾವಿರಾರು ಒಳ್ಳೆಯ ಸೈಟ್‌ಗಳೂ ಇರುತ್ತವೆ. ಮೊಬೈಲ್ ಇಂಟರ್ನೆಟ್‌ನಲ್ಲಂತೂ ಒಂದೇ ಐಪಿಯನ್ನು ಬಹಳ ಜನ ಹಂಚಿಕೊಳ್ಳುತ್ತಾರೆ. ಯಾರೋ ಒಬ್ಬ ಆ ಐಪಿಯಿಂದ ಪಾಸ್‌ವರ್ಡ್ ಊಹಿಸುತ್ತಿದ್ದಾನೆ ಎಂದು ಶಾಶ್ವತವಾಗಿ ತಡೆದರೆ, ಮಂಡ್ಯದ ಮನೆಯಿಂದ ವಿಪಿಎನ್ ಹಾಕುವ ನಿಮ್ಮ ಅಕೌಂಟೆಂಟ್ ಹೊರಗುಳಿಯುತ್ತಾರೆ.

ಆದ್ದರಿಂದ ತಾನಾಗಿ ಬೀಳುವ ಪ್ರತಿ ಬ್ಲಾಕ್‌ಗೂ ತಾನಾಗಿ ಬಿಡುವ ಸಮಯ ಇರಲೇಬೇಕು. ತಾನಾಗಿ ತಡೆಯುವ ವಾಝುವಿನ ಸೌಲಭ್ಯವಾದ ಆಕ್ಟಿವ್ ರೆಸ್ಪಾನ್ಸ್‌ನಲ್ಲಿ ಟೈಮ್‌ಔಟ್ ಸೆಕೆಂಡುಗಳಲ್ಲಿ ಕೊಡುತ್ತಾರೆ. 3600ರಿಂದ ಶುರು ಮಾಡಿ. ಫೀಡ್‌ನಿಂದ ಬಂದ ಐಪಿಗೆ 7 ದಿನ, ಡೊಮೈನ್‌ಗೆ 60 ದಿನ; ಹ್ಯಾಶ್‌ಗೆ ಅವಧಿ ಬೇಡ. ಈ ಅಂಕಿಗಳು ನನ್ನ ಅಂದಾಜು, ನಿಮ್ಮ ಲಾಗ್ ನೋಡಿ ಬದಲಿಸಿ. ನಿಮ್ಮ ಬ್ಯಾಂಕ್, ಜಿಎಸ್‌ಟಿ ಪೋರ್ಟಲ್, ಮೈಕ್ರೋಸಾಫ್ಟ್, ಮುಖ್ಯ ಗ್ರಾಹಕರ ವಿಳಾಸಗಳನ್ನು ವೈಟ್‌ಲಿಸ್ಟ್‌ನಲ್ಲಿ ಮೊದಲೇ ಹಾಕಿ. ಅಂದಹಾಗೆ, ಫೈಲ್ ಅಥವಾ ವಿಳಾಸ ಕೆಟ್ಟದ್ದೇ ಎಂದು ಹೇಳುವ ವೈರಸ್‌ಟೋಟಲ್‌ನ ಉಚಿತ ಕೀಯನ್ನು ಇದಕ್ಕೆ ನೆಚ್ಚಬೇಡಿ: ನಿಮಿಷಕ್ಕೆ 4, ದಿನಕ್ಕೆ 500 ವಿಚಾರಣೆಯಷ್ಟೇ, ವ್ಯಾಪಾರದ ಬಳಕೆಗೆ ಅನುಮತಿಯೂ ಇಲ್ಲ. ಇಂಥ ಪಟ್ಟಿಗಳನ್ನು ಒಂದೆಡೆ ಸೇರಿಸಿ ಹಂಚಿಕೊಳ್ಳುವ ಮಿಸ್ಪ್ ಒಳ್ಳೆಯ ಸಾಧನವೇ, ಆದರೆ ಅದರಲ್ಲಿ ಕಸ ಆರಿಸುತ್ತ ಕೂರಲು ಒಬ್ಬರು ಬೇಕು. ಇಬ್ಬರ ತಂಡಕ್ಕೆ ಅದು ಭಾರ.

ನಿಮ್ಮಂಥ ಕಾರ್ಖಾನೆಗೆ ನಿಜವಾದ ನಷ್ಟ ಆಗುವುದು ಹೆಚ್ಚಾಗಿ ಮೇಲ್‌ನಿಂದ: ಸರಬರಾಜುದಾರರ ಹೆಸರಿನಲ್ಲಿ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಎಂಬ ಪತ್ರ. ಇದಕ್ಕೆ ಕೊಂಡ ಫೀಡ್ ಅಷ್ಟಾಗಿ ನೆರವಾಗದು. ಡಿಎನ್‌ಎಸ್‌ಟ್ವಿಸ್ಟ್ ಎಂಬ ಉಚಿತ ಸಾಧನಕ್ಕೆ ನಿಮ್ಮ ಮತ್ತು ಹತ್ತು ಮುಖ್ಯ ಸರಬರಾಜುದಾರರ ಡೊಮೈನ್ ಕೊಟ್ಟು ರಾತ್ರಿ ಓಡಿಸಿ; ನಿನ್ನೆ ಇರದ, ಇಂದು ಹುಟ್ಟಿದ ಒಂದಕ್ಷರ ವ್ಯತ್ಯಾಸದ ಡೊಮೈನ್‌ಗಳನ್ನು ಬೆಳಿಗ್ಗೆ ಮೇಲ್ ಗೇಟ್‌ನಲ್ಲಿ ತಡೆಯಿರಿ. ಯಾರದಾದರೂ ಮೇಲ್‌ಬಾಕ್ಸ್‌ನಲ್ಲಿ ಹೊಸ ಫಾರ್ವರ್ಡ್ ನಿಯಮ ಹುಟ್ಟಿದರೆ ತಕ್ಷಣ ಎಚ್ಚರಿಕೆ ಬರಲಿ, ಆ ಬಳಕೆದಾರರ ಸೆಷನ್‌ಗಳು ತಾವಾಗೇ ರದ್ದಾಗಲಿ. ಖಾತೆಯನ್ನೇ ಮುಚ್ಚುವ ತೀರ್ಮಾನ ಮನುಷ್ಯರದ್ದಿರಲಿ; ಸಂಬಳದ ದಿನ ಎಚ್‌ಆರ್ ಖಾತೆ ಮುಚ್ಚಿದರೆ ಮರುದಿನವೇ ಆಟೊಮೇಷನ್ ಕಿತ್ತುಹಾಕಿಸುತ್ತಾರೆ. ಹಣ ಹೋಗಿಯೇಬಿಟ್ಟಿದ್ದರೆ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕೂಡಲೇ ಕರೆ ಮಾಡಿ, ಆಮೇಲೆ ಲಾಗ್ ನೋಡಿ.

ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಲೋಹ ಕತ್ತರಿಸುವ) ಮಷಿನ್‌ಗಳ ನೆಟ್‌ವರ್ಕ್‌ಗೆ ಮಾತ್ರ ಯಾವ ತಾನಾಗಿ ಕಡಿತವೂ ಬೇಡ. ಅದನ್ನು ಬೇರೆ ವಿಎಲ್‌ಎಎನ್‌ನಲ್ಲಿಟ್ಟು (ಉಳಿದದ್ದರಿಂದ ಪ್ರತ್ಯೇಕಿಸಿದ ನೆಟ್‌ವರ್ಕ್ ಭಾಗ) ಇಂಟರ್ನೆಟ್ ಪೂರ್ತಿ ಮುಚ್ಚಿ, ಎಚ್ಚರಿಕೆ ಬಂದರೆ ಶಿಫ್ಟ್ ಸೂಪರ್‌ವೈಸರ್‌ಗೆ ಫೋನ್ ಹೋಗಲಿ.