ಓದುಗರ ಪ್ರಶ್ನೆ: ದೊಡ್ಡ ಅಲೆ ಬೇಕು, ಜುಲೈಲಿ ಹೊರಡ್ಲಾ?

ಪ್ರಶ್ನೆ: ನಾವು ನಾಲ್ಕು ಜನ ಫ್ರೆಂಡ್ಸು ಸಾರ್, ಹೋದ ಚಳಿಗಾಲದಲ್ಲಿ ಮುಲ್ಕಿಲಿ ಸರ್ಫಿಂಗ್ ಕ್ಲಾಸ್ ಮಾಡಿದ್ವಿ, ಬೋರ್ಡ್ ಮೇಲೆ ಎದ್ದು ನಿಲ್ಲೋಕೆ ಬರುತ್ತೆ, ಆದ್ರೆ ಅಲೆ ಮೊಣಕಾಲುದ್ದ ಇತ್ತು. ಜುಲೈಲಿ ಕಾರ್ ತಗೊಂಡು ಹೋದ್ರೆ ದೊಡ್ಡ ಅಲೆ ಸಿಗುತ್ತಲ್ವಾ?
(ಓದುಗ, ಬೆಂಗಳೂರು)

ಉತ್ತರ: ಸಿಗುತ್ತೆ, ಬೇಕಾದಷ್ಟು ಸಿಗುತ್ತೆ, ಆದ್ರೆ ಸವಾರಿ ಮಾಡೋ ಅಲೆ ಅಲ್ಲ ಮಾರಾಯ್ರೆ. ಒಳ್ಳೆ ಅಲೆ ಹುಟ್ಟೋದು ಎಲ್ಲೋ ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಲಿ, ಸಾವಿರಾರು ಕಿಲೋಮೀಟರ್ ಬರ್ತಾ ಬರ್ತಾ ಅದು ಸಾಲು ಹಿಡಿಯುತ್ತೆ, ಒಂದಕ್ಕೂ ಇನ್ನೊಂದಕ್ಕೂ 12-14 ಸೆಕೆಂಡ್ ಅಂತರ ಇರುತ್ತೆ, ಮಧ್ಯೆ ಉಸಿರಾಡೋಕೆ ಟೈಮ್ ಸಿಗುತ್ತೆ. ಮುಂಗಾರಲ್ಲಿ ಗಾಳಿ ನಮ್ ದಡದ ಮುಂದೇನೇ ಬೀಸೋದ್ರಿಂದ ಒಂದರ ಬೆನ್ನಿಗೆ ಇನ್ನೊಂದು ಬಂದು ಬೀಳ್ತಾನೇ ಇರುತ್ತೆ, ನೀವು ತಲೆ ಎತ್ತೋಷ್ಟರಲ್ಲಿ ಮುಂದಿಂದು ಬಂದಿರುತ್ತೆ. ಪಶ್ಚಿಮ ಕರಾವಳಿಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಅದು ಮೀನು ಮರಿ ಮಾಡ್ಲಿ ಅಂತಾನೂ ಹೌದು, ಆದ್ರೆ ಆ ಕಡಲಿಗೆ ಇಳಿಯೋಕೆ ಹುಟ್ಟಾ ಮೀನುಗಾರರೇ ಯೋಚಿಸ್ತಾರೆ, ನಾವೆಲ್ಲಾ ಯಾವ ಲೆಕ್ಕ.

ಮೇ ತಿಂಗಳಲ್ಲಿ, ಮಳೆ ಹಿಡಿಯೋಕೆ ಮುಂಚೆ ಹೋಗಿ. ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆನ ಮಂಗಳೂರು ಕಡೆ ಮೇ ಕೊನೆ, ಜೂನ್ ಶುರುವಲ್ಲಿ ಇಟ್ಕೊಳೋದೂ ಅಲೆ ಎದ್ದಿರುತ್ತೆ ಅಂತಾನೇ. ಇಲ್ಲಾಂದ್ರೆ ಸೆಪ್ಟೆಂಬರ್ ಕೊನೆ-ಅಕ್ಟೋಬರ್, ಆಗ ಶಿರಾಡಿಲಿ ಗುಡ್ಡ ಕುಸಿದು ರೋಡ್ ಬಂದ್ ಆಗೋ ತಲೆನೋವೂ ಕಮ್ಮಿ. ಹಿಂದಿನ ದಿನ ಹಗಲಲ್ಲೇ ಘಾಟಿ ಇಳಿದು ಮುಲ್ಕಿಲಿ ಮಲಗಿ. ರಾತ್ರಿಯೆಲ್ಲಾ ಓಡಿಸ್ಕೊಂಡು ಬಂದು ಸೀದಾ ನೀರಿಗೆ ಇಳಿಯೋ ಪ್ಲಾನ್ ನಂಗಂತೂ ಇಷ್ಟ ಇಲ್ಲ. ಬೆಳಗ್ಗೆ ನೆಲದ ಕಡೆಯಿಂದ ಗಾಳಿ ಬೀಸ್ತಿರುತ್ತೆ, ಅಲೆ ಮುಖ ನುಣ್ಣಗಿರುತ್ತೆ, ಮಧ್ಯಾಹ್ನ ಕಡಲ ಗಾಳಿ ಎದ್ದರೆ ಎಲ್ಲಾ ಕಲಕಿ ಹೋಗುತ್ತೆ.

ಇನ್ನೊಂದು, ಮುಲ್ಕಿ ಪಕ್ಕದ ಸಸಿಹಿತ್ಲು ಕಡೆ ಶಾಂಭವಿ, ನಂದಿನಿ ನದಿಗಳು ಕಡಲು ಸೇರೋ ಅಳಿವೆ ಇದೆ, ಅಲ್ಲಿ ಇಳಿತದ ಹೊತ್ತಲ್ಲಿ ನೀರು ಕಡಲ ಕಡೆಗೆ ಎಳೆಯುತ್ತೆ. ಹೊಸಬರು ಏನ್ ಮಾಡ್ತಾರೆ ಅಂದ್ರೆ ಎರಡೂ ಪಕ್ಕ ನೊರೆ ಎದ್ದು ಮಧ್ಯೆ ಮಾತ್ರ ಅಲೆ ಒಡೀದೆ ಸುಮ್ನಿರೋ ಜಾಗ ನೋಡಿ, ಇಲ್ಲಿ ಸೇಫು ಅಂತ ಇಳಿತಾರೆ. ಸೆಳೆತ ಇರೋದು ಅಲ್ಲೇ! ಸಿಕ್ಕಾಕೊಂಡ್ರೆ ಬೋರ್ಡ್ ಬಿಡ್ಬೇಡಿ, ದಡಕ್ಕೆ ನೇರ ಈಜ್ಬೇಡಿ, ದಡದ ಉದ್ದಕ್ಕೆ ಪಕ್ಕಕ್ಕೆ ಹೋಗಿ ಆಮೇಲೆ ತಿರುಗಿ. ಹೊರಡೋ ಮುಂಚೆ ಹೈದರಾಬಾದಿನ ಕಡಲ ಮಾಹಿತಿ ಕೇಂದ್ರ ಇನ್‌ಕಾಯಿಸ್‌ನೋರು ಕೊಡೋ ಅಲೆ ಮುನ್ಸೂಚನೆ ನೋಡಿ, ಅಲರ್ಟ್ ಇದ್ರೆ ನೀರ್‌ದೋಸೆ ತಿಂದು ಬನ್ನಿ, ಅದೇನ್ ಕಮ್ಮಿನಾ.

ಪ್ರಶ್ನೆ: ಸ್ವಂತ ಬೋರ್ಡ್ ಇದೆ, ಕಾರ್ ಮೇಲೆ ಕಟ್ಕೊಂಡು ಹೋಗ್ಬೋದಾ?
(ಓದುಗಿ, ಮೈಸೂರು)

ಉತ್ತರ: ಹೋಗಿ. ಬೋರ್ಡ್ ಅಡಿಲಿರೋ ರೆಕ್ಕೆ, ಅಂದ್ರೆ ಫಿನ್ ಬಿಚ್ಚಿ, ಅಡಿಗೆ ದಪ್ಪ ಪ್ಯಾಡ್ ಹಾಕಿ, ಅಗಲದ ಬೆಲ್ಟಲ್ಲಿ ಎರಡು ಕಡೆ ಕಟ್ಟಿ. ಸಣ್ಣ ಹಗ್ಗ ಬೇಡ, ಅಂಚು ಒಡೆಯುತ್ತೆ. ಕಾಲು ಜಾರದಿರ್ಲಿ ಅಂತ ಬೋರ್ಡ್‌ಗೆ ಹಚ್ಚೋ ವ್ಯಾಕ್ಸ್‌ನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ರೆ ಹಾಸನ ದಾಟೋಷ್ಟರಲ್ಲಿ ತುಪ್ಪ.

ಪ್ರಶ್ನೆ: ಸ್ಯಾನ್ ಹೋಸೆಲಿ ಇದೀವಿ, ಕನ್ನಡದ ಹುಡುಗರೆಲ್ಲಾ ಸೇರಿ ದೈತ್ಯ ಅಲೆಗೆ ಹೆಸರಾದ ಇಲ್ಲಿನ ಸರ್ಫಿಂಗ್ ಜಾಗ ಮ್ಯಾವರಿಕ್ಸ್‌ಗೆ ಡ್ರೈವ್ ಹೋಗೋಣ ಅಂತಿದೀವಿ. ಟ್ರೈ ಮಾಡ್ಬೋದಾ?
(ಓದುಗ, ಕ್ಯಾಲಿಫೋರ್ನಿಯಾ)

ಉತ್ತರ: ನೋಡೋಕೆ ಹೋಗಿ, ಇಳಿಯೋಕಲ್ಲ. ಜೆಫ್ ಕ್ಲಾರ್ಕ್ ಅನ್ನೋ ಸರ್ಫರ್ 1975ರಲ್ಲಿ ಅಲ್ಲಿ ಇಳಿದ ಮೇಲೆ ಸುಮಾರು ಹದಿನೈದು ವರ್ಷ ಹೆಚ್ಚುಕಮ್ಮಿ ಒಬ್ಬನೇ ಸರ್ಫ್ ಮಾಡ್ತಿದ್ದ. 1994ರ ಡಿಸೆಂಬರಲ್ಲಿ ಮಾರ್ಕ್ ಫೂ ಅನ್ನೋ ಹವಾಯಿಯ ಹೆಸರಾಂತ ಸರ್ಫರ್ ತೀರಿಕೊಂಡಿದ್ದು ಅಲ್ಲೇ, ಅದೂ ಆ ದಿನದ ಅತಿ ದೊಡ್ಡ ಅಲೆಯಲ್ಲೇನೂ ಅಲ್ಲ. ನಿಂತು ನೋಡೋರೂ ಹುಷಾರು, 2010ರ ಸ್ಪರ್ಧೆಲಿ ಅಲೆ ದಡದ ತಡೆಗೋಡೆ ಹಾರಿ ಬಂದು ಜನರನ್ನೇ ಕೆಡವಿ ಗಾಯ ಮಾಡ್ತು. ನವೆಂಬರಿಂದ ಮಾರ್ಚ್ ಒಳಗೆ ಹೋಗಿ, ಎತ್ತರದಲ್ಲಿ ನಿಲ್ಲಿ, ಬೈನಾಕ್ಯುಲರ್ ಮರೀಬೇಡಿ, ಅಲೆ ಒಡೆಯೋದು ದಡದಿಂದ ಅರ್ಧ ಮೈಲಿ ಆಚೆ. ಮಂಜು ಮುಸುಕಿದ್ರೆ ಅದೂ ಕಾಣಲ್ಲ, ಆಗ ತಿನ್ನೋರಿದ್ರೆ ಪಿಲ್ಲರ್ ಪಾಯಿಂಟ್ ಹಾರ್ಬರಲ್ಲಿ ಏಡಿ ಸಿಗುತ್ತಾ ವಿಚಾರಿಸಿ.